ಎರಡು ಎಡತೋಳಿನ ಕೋಟು

ಜನವರಿ ೯

ಪ್ರೀತಿಯ ತಮ್ಮನಿಗೆ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಶುರು ಮಾಡಬೇಕು. ಆದರೆ ನೀನು ಕ್ಷೇಮವಾಗಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು, ಹದಿನೈದು ದಿನಕ್ಕೊಮ್ಮೆ ನಿನ್ನ ಹೊಟ್ಟೆಯಿಂದ ನೀರು ತೆಗೆಯುವ ಡಾಕ್ಟರಿಗೂ ಗೊತ್ತು. ಹಾಗಾಗಿ ಆ ಸಾಲು ಬಿಟ್ಟು ಮುಂದಕ್ಕೆ ಬರುತ್ತೇನೆ.

ಈ ಲಕೋಟೆಯಲ್ಲಿ ಹನ್ನೆರಡು ಪುಟದ ಒಂದು ಫಾರಂ ಇದೆ. ದೀರ್ಘ ಕಾಯಿಲೆಯಿಂದ ದುಡಿಯಲಾಗದವರಿಗೆ ಸರ್ಕಾರ ಕೊಡುವ ಅಂಗವೈಕಲ್ಯ ಭತ್ಯೆಯ ಅರ್ಜಿ. ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಕೂತು ನಾನು ಮೂವತ್ತೊಂದು ವರ್ಷ ಇಂಥ ಫಾರಂಗಳನ್ನು ಮಡಚಿದ್ದೇನೆ, ನೂರರ ಕಟ್ಟು ಮಾಡಿ ಅಂಟು ಬಳಿದಿದ್ದೇನೆ. ಅಕ್ಷರ ಕಲಿತದ್ದೂ ಅವುಗಳ ಮೇಲೆಯೇ. ‘ಅರ್ಜಿದಾರರ ಪೂರ್ಣ ಹೆಸರು’ ಅನ್ನುವುದು ನಾನು ಜೀವನದಲ್ಲಿ ಕೂಡಿಸಿ ಓದಿದ ಮೊದಲ ಸಾಲು. ಆದರೂ ಯಾವ ಫಾರಂ ಅನ್ನೂ ಕೊನೆಯವರೆಗೆ ಓದಿರಲಿಲ್ಲ. ಈಗ ಓದಿದೆ. ಲಿವರ್ ಗಟ್ಟಿಯಾಗುವ ಕಾಯಿಲೆಯೂ ಪಟ್ಟಿಯಲ್ಲಿದೆ. ಏಳನೇ ಪುಟ, ಕೆಳಗಿನಿಂದ ಮೂರನೇ ಸಾಲು. ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಕೊಡುವ ಮೊದಲು ಅಳಿಸು.

ನೀನು ಮೂಗು ಮುರಿಯುತ್ತೀ ಅಂತ ಗೊತ್ತು. ಕೈಕಾಲು ನೆಟ್ಟಗಿರುವವನಿಗೆ ಇದೆಲ್ಲ ಯಾಕೆ ಅನ್ನುತ್ತೀ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವುದನ್ನು ಬಿಡದಿದ್ದರೆ ಈ ವರ್ಷ ದಾಟುವುದು ಕಷ್ಟ ಅಂತ ಡಾಕ್ಟರು ನನ್ನೆದುರಿಗೇ ಹೇಳಿದರು. ನೀನು ಆಗ ಅವರ ಬಿಳಿ ಕೋಟಿನ ಜೇಬು ಸೊಟ್ಟಗಿರುವುದನ್ನು ನೋಡುತ್ತ ಕೂತಿದ್ದೆ. ಅಂಗಡಿ ಮುಚ್ಚಿದರೆ ಮನೆ ನಡೆಯುವುದಿಲ್ಲ ಅಂತ ನಿನ್ನ ವಾದ. ಈ ಭತ್ಯೆ ಬಂದರೆ ಅರ್ಧ ದಿನವಾದರೂ ಮಲಗಬಹುದು. ನಾನು ಕೇಳುತ್ತಿರುವುದು ಅಷ್ಟೇ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಇರಲಿ, ಪುಟ ಮುಗಿಯಿತು.

ನಿನ್ನ ಅಕ್ಕ


ಫೆಬ್ರವರಿ ೧೧

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಟಕ್ಕೆ ಫಾರಂ ತುಂಬಿ ಕೊಟ್ಟೆ. ನಾನು ಹೇಳಿದೆ, ಇವಳು ದುಂಡಗೆ ಬರೆದಳು. ಕೌಂಟರಿನ ಗುಮಾಸ್ತನ ಕಾಲರ್ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಕೈ ಚಾಚಿ ಸರಿಮಾಡೋಣ ಅನ್ನಿಸಿತು, ಗಾಜು ಅಡ್ಡ ಬಂತು. ಬುಧವಾರ ಮೆಡಿಕಲ್ ಬೋರ್ಡಿನ ಮುಂದೆ ಬರಬೇಕಂತೆ. ಸೋಮವಾರ ಆಸ್ಪತ್ರೆಯಲ್ಲಿ ನೀರು ತೆಗೆಸಿಕೊಂಡು ಹಗುರವಾಗಿ ಹೋಗುತ್ತೇನೆ.

ಬೋರ್ಡಿಗೆ ಅಂತ ಒಂದು ತೆಳು ಕೋಟು ಹೊಲಿದುಕೊಂಡೆ. ನಲವತ್ತು ವರ್ಷ ಊರಿಗೆಲ್ಲ ಹೊಲಿದು ನನಗಾಗಿ ಹೊಲಿದದ್ದು ಇದು ಎರಡನೆಯದು. ಭುಜ ಇಳಿದಿದೆ, ಒಳಗೆ ಪ್ಯಾಡ್ ಕೊಟ್ಟೆ. ತೋಳು ಕಡ್ಡಿಯಾಗಿದೆ, ಅಲ್ಲಿ ಎರಡು ಪದರ ಲೈನಿಂಗ್. ಹೊಟ್ಟೆಯ ಹತ್ತಿರ ಬಟ್ಟೆ ಮೈಗೆ ತಾಗದೆ ಬೀಳುವ ಹಾಗೆ ಬಿಟ್ಟೆ. ಕನ್ನಡಿಯಲ್ಲಿ ನೋಡಿಕೊಂಡರೆ ಹತ್ತು ವರ್ಷ ಹಿಂದಿನ ನಾನೇ ನಿಂತಿದ್ದೆ. ಮತ್ತೊಂದು ಮದುವೆಗೆ ಹೊರಟಿದ್ದೀರಾ ಅಂತ ಇವಳು ಕೇಳಿದಳು. ನೀನು ಒಪ್ಪಿದರೆ ಆಗಲಿ ಅಂದೆ. ಆವತ್ತು ನನ್ನ ಪಥ್ಯದ ಸಾರಿಗೆ ಉಪ್ಪಿಲ್ಲದ್ದರ ಜೊತೆ ಖಾರವೂ ಇರಲಿಲ್ಲ.

ನಿನ್ನ ಮಂಡಿನೋವು ಹೇಗಿದೆ?

ನಿನ್ನ ತಮ್ಮ


ಮಾರ್ಚ್ ೨೦

ಅಕ್ಕನಿಗೆ,

ಅರ್ಜಿ ತಿರಸ್ಕಾರವಾಗಿದೆ. ಅವರು ಬರೆದದ್ದನ್ನು ಹಾಗೆಯೇ ನಕಲು ಮಾಡುತ್ತೇನೆ. ‘ಅರ್ಜಿದಾರರು ಸಾಧಾರಣ ಮೈಕಟ್ಟಿನವರು. ಉಡುಪು ಅಚ್ಚುಕಟ್ಟು. ಯಾರ ಸಹಾಯವೂ ಇಲ್ಲದೆ ನಡೆದು ಬಂದರು. ನಗುಮುಖದಿಂದ ಉತ್ತರಿಸಿದರು. ಸ್ವಂತ ಹೇಳಿಕೆಯ ಪ್ರಕಾರ ದಿನನಿತ್ಯದ ಕೆಲಸಕ್ಕೆ ತೊಂದರೆಯಿಲ್ಲ. ಭತ್ಯೆಗೆ ಅರ್ಹರಲ್ಲ.’

ಇಂಥ ಸರ್ಟಿಫಿಕೇಟು ಶಾಲೆಯಲ್ಲಿ ಸಿಕ್ಕಿದ್ದರೆ ನಾನು ಟೈಲರ್ ಆಗುತ್ತಲೇ ಇರಲಿಲ್ಲ.

ಅರುವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದಂತೆ. ಬೇಡ, ಬಿಟ್ಟುಬಿಡು. ಅಂಗಡಿಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ರಾಶಿ ಬಿದ್ದಿದೆ.

ತಮ್ಮ


ಮಾರ್ಚ್ ೨೪

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ತಮ್ಮನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಅವರು ಅಂಗಡಿಯಲ್ಲಿದ್ದಾರೆ. ನಾನು ಅಂಚೆ ಡಬ್ಬದ ಹತ್ತಿರವೇ, ಗೋಡೆಗೆ ಕಾಗದ ಒತ್ತಿ ಬರೆಯುತ್ತಿರುವುದರಿಂದ ಅಕ್ಷರ ಹೀಗಿದೆ.

ಫಾರಂನಲ್ಲಿ ಇಪ್ಪತ್ತಮೂರು ಪ್ರಶ್ನೆಗಳಿದ್ದವು. ನಡೆಯಬಲ್ಲಿರಾ, ಬಗ್ಗಬಲ್ಲಿರಾ, ತೂಕ ಎತ್ತಬಲ್ಲಿರಾ, ಲೆಕ್ಕ ತಪ್ಪದೆ ಕೆಲಸ ಮಾಡಬಲ್ಲಿರಾ. ಇಪ್ಪತ್ತಮೂರಕ್ಕೂ ‘ಹೌದು’ ಅಂತ ಬರೆಸಿದರು. ಬರೆದ ಕೈ ನನ್ನದು. ಹೀಗೆ ಬರೆದರೆ ಯಾರು ಕೊಡ್ತಾರೆ ಅಂತ ಕೇಳಿದೆ. ‘ಗಿರಾಕಿ ಮುಂದೆ ಆಗಲ್ಲ ಅಂತ ಹೇಳಿ ನಂಗೆ ಅಭ್ಯಾಸ ಇಲ್ಲ ಕಣೇ’ ಅಂದರು. ಬೋರ್ಡಿನಲ್ಲಿ ಮೂವರು ಕೂತಿದ್ದರು. ಕೋಟು ಬಿಚ್ಚಿ ಅಂತ ಒಬ್ಬರೂ ಹೇಳಲಿಲ್ಲ. ಇವರೂ ಬಿಚ್ಚಲಿಲ್ಲ. ಇನ್ನೂ ಹೇಳಬೇಕೆಂದರೆ, ಹೊರಗೆ ಬರುವಾಗ ಅಲ್ಲಿನ ಜವಾನ ಈ ಕೋಟು ಎಲ್ಲಿ ಹೊಲಿಸಿದಿರಿ ಅಂತ ವಿಳಾಸ ಬರೆದುಕೊಂಡ.

ಅತ್ತಿಗೆ, ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎರಡು ವರ್ಷದ ಹಿಂದೆ ವಾರ್ಡಿನಲ್ಲಿ ಎಲ್ಲರೆದುರಿಗೆ, ಕುಡೀತಿದ್ಯಾ ನಿಜ ಹೇಳು ಅಂತ ನೀವು ಕೇಳಿದಿರಿ. ಇದು ಎಳವೆಯಲ್ಲೇ ಮೈಸೇರಿದ ವೈರಸ್ಸಿನಿಂದ ಬಂದದ್ದು ಅಂತ ಡಾಕ್ಟರು ಆಮೇಲೆ ಹೇಳಿದರು. ಆದರೆ ಆ ದಿನದಿಂದ ಇವರು ನೀರು ತೆಗೆಸಿಕೊಳ್ಳಲು ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕುತ್ತಾರೆ.

ಅರುವತ್ತು ದಿನದಲ್ಲಿ ಈಗಾಗಲೇ ಒಂದು ವಾರ ಹೋಯಿತು. ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ. ನಿಮ್ಮದು ಬೀಳಬಹುದು.

ಇಂತಿ ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ ೩

ತಮ್ಮಾ,

ನನಗೆ ಯಾರೂ ಏನೂ ಬರೆದಿಲ್ಲ, ಯಾರೂ ಏನೂ ಹೇಳಿಲ್ಲ. ಸುಮ್ಮನೆ ಕೂತು ಯೋಚಿಸುವಾಗ ಇಷ್ಟೆಲ್ಲ ತಾನಾಗಿ ಹೊಳೆಯಿತು. ನಿನ್ನ ಹೆಂಡತಿಯನ್ನು ಕೇಳಲು ಹೋಗಬೇಡ.

ನೀನು ಬೋರ್ಡಿಗೆ ಕಳಿಸಿದ್ದು ನಿನ್ನನ್ನಲ್ಲ, ಕೋಟನ್ನು. ಅವರು ಕೋಟನ್ನು ಪರೀಕ್ಷೆ ಮಾಡಿದರು, ಆರೋಗ್ಯವಾಗಿದೆ ಅಂತ ಬರೆದರು. ಅವರದೇನು ತಪ್ಪು? ಒಂದು ಭುಜ ಇಳಿದವನು ನಿನ್ನ ಅಂಗಡಿಗೆ ಬಂದರೆ ಎರಡೂ ಭುಜ ಸಮ ಮಾಡಿ ಕಳಿಸುತ್ತೀ. ಗೂನು ಬೆನ್ನಿನವನ ಬೆನ್ನು ನೆಟ್ಟಗಾಗುತ್ತದೆ. ಅವರ ಮನೆಯವರಿಗೂ ಗೊತ್ತಾಗದ ಹಾಗೆ ಮುಚ್ಚಿಡುತ್ತೀ. ನಿನ್ನ ಕಸುಬೇ ಅದು, ಮೆಚ್ಚಿದೆ. ಆದರೆ ಈ ಒಂದು ಗಿರಾಕಿಯ ವಿಷಯದಲ್ಲಿ ನಿನ್ನ ಕೈಚಳಕ ನಮ್ಮ ಕುತ್ತಿಗೆಗೆ ಬಂತು.

ಈಗ ಜನವರಿಯಲ್ಲಿ ಪುಟ ಮುಗಿಯಿತೆಂದು ಬಿಟ್ಟದ್ದನ್ನು ಬರೆಯುತ್ತೇನೆ. ಪುಟ ಮುಗಿದಿರಲಿಲ್ಲ, ಹಿಂಬದಿ ಪೂರ್ತಿ ಖಾಲಿಯಿತ್ತು. ಆವತ್ತು ವಾರ್ಡಿನಲ್ಲಿ ನಾನು ಕೇಳಿದ್ದು ತಪ್ಪು. ಕೇಳಿದ ಕೂಡಲೇ ಗೊತ್ತಾಯಿತು. ನಿನ್ನ ಮುಖ ನೋಡಲಾಗದೆ ಫ್ಲಾಸ್ಕ್ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಎರಡು ವರ್ಷದಿಂದ ಆ ಫ್ಲಾಸ್ಕನ್ನೇ ತೊಳೆಯುತ್ತಿದ್ದೇನೆ. ನಾನು ದೊಡ್ಡವಳು, ಕ್ಷಮಿಸು ಅನ್ನುವುದಕ್ಕೆ ನಾಲಿಗೆ ಹೊರಳುವುದಿಲ್ಲ. ಬರೆಯುವುದು ಸುಲಭ. ಕ್ಷಮಿಸು.

ಇನ್ನು ನಿನಗೆ ಒಂದು ಕೆಲಸ. ನನಗೆ ಒಂದು ಕಾಗದ ಬರೆ. ಅದರಲ್ಲಿ ನಿನಗೆ ಆಗದ್ದು ಮಾತ್ರ ಇರಬೇಕು. ನನಗೆ ತಾನೇ ಬರೆಯುವುದು, ನಾನೇನು ಗಿರಾಕಿಯಲ್ಲ. ನಿನಗೆ ಅಂಗಿ ಗುಂಡಿ ಹಾಕಲು ಬರದಿದ್ದ ಕಾಲವನ್ನೂ ನೋಡಿದವಳು.

ನಿನ್ನ ಅಕ್ಕ


ಏಪ್ರಿಲ್ ೧೯

ಅಕ್ಕನಿಗೆ,

ಮೂರು ಸಲ ಉತ್ತರ ಬರೆದು ಹರಿದೆ. ಮೂರೂ ‘ಪರವಾಗಿಲ್ಲ’ ಅಂತಲೇ ಶುರುವಾಗಿದ್ದವು. ಇದು ನಾಲ್ಕನೆಯದು.

ಬೆಳಿಗ್ಗೆ ಅಂಗಿ ಹಾಕಿಕೊಂಡ ಮೇಲೆ ಕಾಲು ಗಂಟೆ ಕೂರಬೇಕು, ಇಲ್ಲದಿದ್ದರೆ ಪ್ಯಾಂಟು ಹಾಕಲು ಆಗುವುದಿಲ್ಲ. ಅಂಗಡಿ ಮನೆಯಿಂದ ನಾನೂರು ಹೆಜ್ಜೆ. ನಡುವೆ ಎರಡು ಕಡೆ ನಿಲ್ಲುತ್ತೇನೆ. ಔಷಧಿ ಅಂಗಡಿಯ ಮುಂದೆ ತೂಕದ ಯಂತ್ರ ನೋಡುವವನ ಹಾಗೆ, ಬ್ಯಾಂಕಿನ ಮೆಟ್ಟಿಲ ಹತ್ತಿರ ಯಾರಿಗೋ ಕಾಯುವವನ ಹಾಗೆ. ಮೈ ತುರಿಕೆಗೆ ಮರದ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತೇನೆ. ನೀರು ತೆಗೆಸಿದ ಮೇಲೆ ನಾಲ್ಕೈದು ದಿನ ಚೆನ್ನಾಗಿರುತ್ತೇನೆ. ಬೋರ್ಡಿನವರು ನೋಡಿದ್ದು ಅಂಥ ದಿನ. ಹತ್ತನೇ ದಿನದಿಂದ ಬಗ್ಗಿ ಪ್ಯಾಂಟಿನ ಉದ್ದ ಅಳೆಯಲು ಆಗುವುದಿಲ್ಲ. ಗಿರಾಕಿಯನ್ನೇ ಸ್ಟೂಲಿನ ಮೇಲೆ ಹತ್ತಿಸುತ್ತೇನೆ. ಹೊಸ ಪದ್ಧತಿ ಅಂತ ಹೇಳಿದ್ದೇನೆ, ಅವರಿಗೂ ಖುಷಿ.

ಇಷ್ಟನ್ನು ನೀನು ಊಹಿಸಿರಬಹುದು. ಗೊತ್ತಿಲ್ಲದ್ದು ಇದು. ದಿನಕ್ಕೆ ಮೂರು ಸಲ ಕುಡಿಯಬೇಕಾದ ಸಿರಪ್ಪು ಒಂದಿದೆ. ಲಿವರ್ ತೆಗೆಯಲಾಗದ ವಿಷ ತಲೆಗೇರದ ಹಾಗೆ ಅದು ಹೊಟ್ಟೆಯಿಂದ ಹೊರಗೆ ಹಾಕಿಸುತ್ತದೆ. ಕುಡಿದರೆ ನಾಲ್ಕೈದು ಸಲ ಓಡಬೇಕು. ಅಂಗಡಿಗೆ ಶೌಚಾಲಯವಿಲ್ಲ, ಬಸ್ ನಿಲ್ದಾಣದವರೆಗೆ ಹೋಗಬೇಕು. ಮೈಗೆ ಟೇಪು ಸುತ್ತಿ ನಿಲ್ಲಿಸಿದ ಗಿರಾಕಿಯನ್ನು ಬಿಟ್ಟು ಎಷ್ಟು ಸಲ ಓಡಲಿ? ಹಾಗಾಗಿ ಭಾನುವಾರ ಮಾತ್ರ ಕುಡಿಯುತ್ತಿದ್ದೆ. ಉಳಿದ ದಿನ ಬಾಟಲಿ ಇಳಿಯಲಿ ಅಂತ ಮುಚ್ಚಳ ಅಳೆದು ಸಿಂಕಿಗೆ ಸುರಿಯುತ್ತಿದ್ದೆ. ಇವಳಿಗೆ ನಿನ್ನೆ ಹೇಳಿದೆ. ಬೈಯಲಿಲ್ಲ. ಸಿಂಕಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

ಅದರ ಫಲ ಜನವರಿಯಲ್ಲಿ ಕಂಡಿತು. ಇಲ್ಲಿನ ಶಾಲೆಯ ಹೆಡ್‌ಮಾಸ್ತರರು ನಿವೃತ್ತಿಯ ದಿನಕ್ಕೆಂದು ಕೋಟಿನ ಬಟ್ಟೆ ತಂದುಕೊಟ್ಟರು. ತೋಳು ಕತ್ತರಿಸುವಾಗ ಬಟ್ಟೆ ಜೋಡಿ ಮಡಚಿದರೆ ಎಡ ಬಲ ಎರಡೂ ಒಟ್ಟಿಗೆ ಬರುತ್ತವೆ. ಅವರ ಬಟ್ಟೆ ಸ್ವಲ್ಪ ಕಡಿಮೆಯಿತ್ತು, ಒಂದೊಂದೇ ಕತ್ತರಿಸಿದೆ. ಎರಡನೆಯದಕ್ಕೆ ಕಾಗದದ ಅಚ್ಚನ್ನು ಮಗುಚಿ ಹಾಕಬೇಕು. ಹಾಕಿದೆ ಅಂದುಕೊಂಡೆ. ಹೊಲಿದು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ ನೋಡುತ್ತಲೇ ಇದ್ದೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಊಟದ ಡಬ್ಬಿ ತಂದ ಇವಳು ಬಾಗಿಲಲ್ಲೇ ಕಂಡುಹಿಡಿದಳು. ಒಂದು ತೋಳು ಮುಂದಕ್ಕೆ ಬಾಗಿದೆ, ಇನ್ನೊಂದು ಹಿಂದಕ್ಕೆ. ಎರಡೂ ಎಡತೋಳು. ಅಕ್ಕ, ಅದು ಹದಿನಾಲ್ಕು ವರ್ಷದ ಕಲಿಯುವವನೂ ಮಾಡದ ತಪ್ಪು. ಅದಕ್ಕಿಂತ ಹೆದರಿಕೆಯಾದದ್ದು ಬೇರೆ. ಇವಳು ತೋರಿಸಿದ ಮೇಲೂ ಅದು ನನ್ನ ಕಣ್ಣಿಗೆ ಹಿಡಿಯಲು ಬಹಳ ಹೊತ್ತಾಯಿತು.

ಬಟ್ಟೆಯಲ್ಲೇ ದೋಷವಿತ್ತು ಅಂತ ಮಾಸ್ತರರಿಗೆ ಸುಳ್ಳು ಹೇಳಿದೆ. ಕೋಟು ಟ್ರಂಕಿನಲ್ಲಿದೆ.

ಕೊನೆಯದಾಗಿ, ನೀನು ಕೇಳಿದ ಕ್ಷಮೆ. ಕುಡಿದು ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದ ಅಪ್ಪನನ್ನು ಎಬ್ಬಿಸಿ ಮನೆಗೆ ತರುತ್ತಿದ್ದವಳು ನೀನು. ನಾನು ಹಿಂದಿನಿಂದ ಅವನ ಚಪ್ಪಲಿ ಹಿಡಿದು ಬರುತ್ತಿದ್ದೆ. ಅವನ ಕಣ್ಣು ಹಳದಿಯಾದದ್ದನ್ನು ಕಂಡವಳು ನನ್ನ ಕಣ್ಣು ಹಳದಿಯಾದಾಗ ಬೇರೆ ಏನು ಕೇಳಬೇಕಿತ್ತು? ನೀನು ಕೇಳಿದ್ದಕ್ಕೆ ನೋವಾಗಲಿಲ್ಲ. ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರಲ್ಲ, ಅದಕ್ಕೆ. ಆವತ್ತಿನಿಂದ ಯಾರೂ ತಿರುಗಿ ನೋಡದ ಹಾಗೆ ಉಡುಪು ಹಾಕಿಕೊಳ್ಳುವುದೇ ಒಂದು ಕೆಲಸವಾಯಿತು.

ಬರೆದು ಮುಗಿಸಿದೆ. ಕೈ ನೋಯುತ್ತಿದೆ. ಎದೆ ಹಗುರವಾಗಿದೆ.

ನಿನ್ನ ತಮ್ಮ


ಏಪ್ರಿಲ್ ೨೭

ನನ್ನ ಮುದ್ದು ತಮ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ಅಕ್ಕನಾಗಿ, ಇನ್ನೊಂದು ಸಲ ಬೋರ್ಡಿನವಳಾಗಿ. ಎರಡನೇ ಸಲ ಓದಿದವಳು ಭತ್ಯೆ ಮಂಜೂರು ಮಾಡಿದಳು.

ಮೇಲ್ಮನವಿ ಬರೆಯಲು ನಾಲ್ಕು ದಿನದಿಂದ ಕೂತಿದ್ದೆ. ‘ಮಾನ್ಯರೇ’ ಅಂತ ಶುರು ಮಾಡಿದರೆ ಮುಂದಿನದೆಲ್ಲ ಇಸ್ತ್ರಿ ಮಾಡಿದ ಹಾಗೆ ಬರುತ್ತದೆ. ನಿನ್ನ ಕಾಗದದ ಮುಂದೆ ಅದು ನಿಲ್ಲುವುದಿಲ್ಲ. ಆ ಕಾಗದವನ್ನೇ ಕಳಿಸುತ್ತೇನೆ, ಒಪ್ಪಿಗೆ ಕೊಡು. ಅಪ್ಪನ ವಿಷಯವಿರುವ ಕೊನೆಯ ಭಾಗವನ್ನು ಬೈಂಡಿಂಗ್ ಚಾಕುವಿನಿಂದ ನೇರವಾಗಿ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಅದು ನಮ್ಮಿಬ್ಬರದು. ಮನೆಯ ವಿಷಯವಿದ್ದ ಭಾಗ ತೆಗೆದಿದೆ ಅಂತ ಮೇಲಿನ ಹಾಳೆಯಲ್ಲಿ ಬರೆದಿದ್ದೇನೆ, ಯಾರೂ ಅನುಮಾನ ಪಡಬಾರದು. ನೀರು ತೆಗೆಸಿದ ತಾರೀಖುಗಳ ಪಟ್ಟಿ ಡಾಕ್ಟರಿಂದ ಬರೆಸಿ ಕಳಿಸು. ಎರಡನೇ ಸಲ ಕರೆದಾಗ ಹತ್ತನೇ ದಿನಕ್ಕೆ ಬೀಳುವ ತಾರೀಖು ಕೇಳಿಕೋ.

ಮತ್ತೆ ಸಿರಪ್ಪು. ಕುಡಿ. ಗಿರಾಕಿಗಳು ಕಾಯುತ್ತಾರೆ. ಕಾಯದಿದ್ದರೆ ಬರಿಮೈಯಲ್ಲಿ ಹೋಗಲಿ.

ನಿನ್ನ ಅಕ್ಕ


ಜೂನ್ ೧೫

ಅಕ್ಕನಿಗೆ,

ನಿನ್ನೆ ಮೇಲ್ಮನವಿಯ ವಿಚಾರಣೆ ಆಯಿತು. ಹಳೆಯ ಅಂಗಿಯಲ್ಲಿ ಹೋಗಿದ್ದೆ. ನೀರು ತುಂಬಿ ಕೆಳಗಿನ ಎರಡು ಗುಂಡಿ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಒಬ್ಬರು ಎದ್ದು ಜಾಗ ಕೊಟ್ಟರು. ಬೇಡ ಅನ್ನಲು ಬಾಯಿ ತೆರೆದೆ, ಇವಳು ಮೊಣಕೈಯಿಂದ ತಿವಿದಳು. ಕೂತೆ.

ಈ ಸಲ ಇದ್ದದ್ದು ಒಬ್ಬರೇ, ವಯಸ್ಸಾದ ಡಾಕ್ಟರಮ್ಮ. ಅವರ ಮುಂದೆ ನನ್ನ ಕಾಗದವಿತ್ತು. ಮುಗಿಯುವವರೆಗೆ ಓದಿದರು. ನಾನು ಚಾವಣಿ ನೋಡುತ್ತ ಕೂತೆ.

‘ಇದನ್ನ ನಿಮ್ಮಕ್ಕಂಗೆ ಬರೆದದ್ದಾ?’

‘ಹೌದು ಮೇಡಂ.’

‘ಇಷ್ಟನ್ನೂ ಫಾರಂನಲ್ಲೇ ಯಾಕೆ ಬರೀಲಿಲ್ಲ?’

‘ಫಾರಂನಲ್ಲಿ ಯಾರೂ ನನ್ನ ಗುರುತಿನವರು ಇರಲಿಲ್ಲ ಮೇಡಂ.’

ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಕನ್ನಡಕ ತೆಗೆದು ಒರೆಸಿದರು. ಎರಡೂ ಕೈ ಮುಂದಕ್ಕೆ ಚಾಚಿ ಅಂಗೈ ಎತ್ತಿ ಹಿಡಿಯಲು ಹೇಳಿದರು. ಹಿಡಿದೆ. ಎರಡೂ ಅಂಗೈ ತಾವಾಗಿಯೇ ಬಿದ್ದು ಬಿದ್ದು ಏಳತೊಡಗಿದವು. ಆ ವಿಷ ತಲೆಗೇರಿದವರ ಕೈ ಹೀಗೇ ಆಡುತ್ತದಂತೆ. ನಲವತ್ತು ವರ್ಷ ನನ್ನ ಮಾತು ಕೇಳಿದ ಕೈಗಳು. ಒಳಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ.

‘ನಿಮ್ಮ ಬಾಯಲ್ಲೇ ಹೇಳಿ. ಕೆಲಸ ಮಾಡೋಕೆ ಆಗತ್ತಾ?’

ಇವಳು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು.

‘ಆಗಲ್ಲ ಮೇಡಂ,’ ಅಂದೆ. ‘ಕೂತ್ಕೊಂಡು ಬಟ್ಟೆಗೆ ಗುಂಡಿ ಹಾಕ್ತೀನಿ, ಅಂಚು ಹೊಲೀತೀನಿ. ಕತ್ತರಿ ಹಿಡಿಯೋಕೆ ಆಗಲ್ಲ. ನಿಲ್ಲೋಕೂ ಆಗಲ್ಲ.’

ಹೇಳಿದ ಮೇಲೆ ಚಾವಣಿ ಕಳಚಿ ಬೀಳುತ್ತದೆ ಅಂದುಕೊಂಡಿದ್ದೆ. ಫ್ಯಾನು ತಿರುಗುತ್ತಲೇ ಇತ್ತು. ಅವರು ಬರೆದುಕೊಂಡರು. ಹೊರಗೆ ಬರುವಾಗ, ಹೊಟ್ಟೆ ನೋಡಲು ಬಿಚ್ಚಿಸಿದ್ದ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಕಷ್ಟಪಡುತ್ತಿದ್ದೆ, ಅವರೇ ಎದ್ದು ಬಂದು ಹಾಕಿದರು. ಒಂದು ಕಾಜ ತಪ್ಪಿ, ಮೇಲೆ ಕೆಳಗಾಗಿ ಹಾಕಿದರು.  ಬಸ್ಸು ಹತ್ತುವವರೆಗೆ ಹಾಗೆಯೇ ಇದ್ದೆ ಅಂದರೆ ನೀನು ನಂಬುವುದಿಲ್ಲ.

ಉತ್ತರಕ್ಕೆ ಒಂದು ತಿಂಗಳಾಗುತ್ತದಂತೆ.

ನಿನ್ನ ತಮ್ಮ


ಜುಲೈ ೨೨

ಅಕ್ಕ,

ಮಂಜೂರಾಗಿದೆ.

ಕೂತು ಮಾಡುವ ಸಣ್ಣ ಕೆಲಸಕ್ಕೆ ಅಡ್ಡಿಯಿಲ್ಲ ಅಂತ ಕಾಗದದಲ್ಲೇ ಇದೆ. ಬೆಳಿಗ್ಗೆ ಎರಡು ಗಂಟೆ ಮಾತ್ರ ಅಂಗಡಿ ತೆರೆಯುತ್ತೇನೆ. ಆಮೇಲೆ ಮನೆ, ಸಿರಪ್ಪು, ನಿದ್ದೆ. ಮೂರು ಹೊತ್ತೂ ಕುಡಿಯುತ್ತಿದ್ದೇನೆ, ಎಷ್ಟು ಸಲ ಓಡಿದರೂ ಕಾಯುವವರಿಲ್ಲ. ತಲೆಯ ಮಬ್ಬು ಕರಗಿದೆ. ನಿನ್ನೆ ಪೇಪರಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಓದಿದ್ದೇನು ಅಂತ ಇವಳಿಗೆ ಹೇಳಿದೆ. ಅವಳು ಪರೀಕ್ಷೆ ತೆಗೆದುಕೊಂಡಳು. ಪಾಸಾದೆ. ಆಮೇಲೆ ಒಳಗೆ ಹೋಗಿ ಏನೋ ಹುಡುಕುವವಳ ಹಾಗೆ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾಸ್ತರರ ಮನೆಗೆ ಹೋಗಿ ನಿಜ ಹೇಳಿ ಕೋಟು ತೋರಿಸಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಮಕ್ಕಳಿಗೆ ಪಾಠ ಹೇಳುವಾಗ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಳ್ಳುವುದೇ ನನ್ನ ಅಭ್ಯಾಸ, ಅಳತೆ ಸರಿಯಾಗೇ ಇದೆ ಅಂದರು.

ಹೆಚ್ಚು ಬರೆಯಲು ಆಗುವುದಿಲ್ಲ. ನಿದ್ದೆ ಬರುತ್ತಿದೆ. ಒಳ್ಳೆಯ ನಿದ್ದೆ.

ತಮ್ಮ


ಜುಲೈ ೨೮

ತಮ್ಮಾ,

ಕಾಗದ ಬಂದಾಗ ಪಾತ್ರೆ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಒಡೆದೆ. ‘ಮಂಜೂರಾಗಿದೆ’ ಅನ್ನುವಲ್ಲಿ ಶಾಯಿ ಹರಡಿಬಿಟ್ಟಿದೆ. ಅದು ನಲ್ಲಿಯ ನೀರು ಅಂತ ಪಕ್ಕದ ಮನೆಯವಳಿಗೆ ಹೇಳಿದ್ದೇನೆ. ನಂಬಿದ ಹಾಗೆ ಮಾಡಿದಳು.

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಪಾತ್ರೆ ಅಲ್ಲೇ ಬಿಟ್ಟು ಹೋಗಿ ಮಲಗಿದೆ. ಎಷ್ಟೋ ವರ್ಷದಿಂದ ಹಗಲು ಮಲಗಿದವಳಲ್ಲ ನಾನು. ಎದ್ದಾಗ ಸಂಜೆಯಾಗಿತ್ತು. ಈ ಆರು ತಿಂಗಳು ನಾನೂ ಎಷ್ಟು ದಣಿದಿದ್ದೆ ಅನ್ನುವುದು ಮಲಗಿದ ಮೇಲೆ ಗೊತ್ತಾಯಿತು. ಕಾಯಿಲೆ ಹೋಗಿಲ್ಲ, ಗೊತ್ತು. ಹದಿನೈದು ದಿನಕ್ಕೊಮ್ಮೆ ನೀರು ತೆಗೆಸಬೇಕು, ಗೊತ್ತು. ಆದರೆ ನೀನು ಹಗಲು ಮಲಗುತ್ತೀ ಅನ್ನುವುದೂ ಈಗ ಗೊತ್ತು. ಸದ್ಯಕ್ಕೆ ನನಗೆ ಅಷ್ಟು ಸಾಕು.

ಬರುವ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ನಿಲ್ದಾಣಕ್ಕೆ ಬರಬೇಡ. ಬಾಗಿಲು ನಿನ್ನ ಹೆಂಡತಿ ತೆಗೆಯಲಿ. ನಾನು ಬಂದೆನೆಂದು ತಲೆ ಬಾಚಬೇಡ, ಅಂಗಿ ಬದಲಿಸಬೇಡ, ಎದ್ದು ಕೂರಲೂ ಬೇಡ. ಮಲಗಿದಲ್ಲೇ ಮಲಗಿರು. ನಿದ್ದೆಯಲ್ಲಿದ್ದರೆ ಎಬ್ಬಿಸುವುದಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿರುತ್ತೇನೆ. ನಿನಗೆ ಎಚ್ಚರವಾದಾಗ ಆಗಲಿ.

ನಿನ್ನ ಅಕ್ಕ